ಫಕೀರಪ್ಪನ ಟ್ರಂಕು

"ನಿನ್ನ ಟ್ರಂಕ್ ಎತ್ತಿ ಬಾವ್ಯಾಗ ಒಗೀತೀನಿ ನೋಡು! ನಮ್ಮನಿ ರೊಟ್ಟಿ ತಿಂದು ನಮ್ಮನಿ ಸಾಮಾನಕ್ಕ ಕೀಲಿ ಜಡೀತೀಯಲ್ಲೋ, ನಾಚಿಕಿ ಆಗೂದಿಲ್ಲೇನ್ ನಿನಗ? ನಡಿ, ಹೊರಗ ನಡಿ. ಹೋಗು!"

ಬೀದಿಗೆಲ್ಲ ಕೇಳುವಂತೆ ನಾನು ಹೀಗೆ ಕೂಗಿದ್ದು ಫಕೀರಪ್ಪನ ಮೇಲೆ. ಅವನು ಪಡಸಾಲೆಯಲ್ಲಿ, ಕಂಪ್ಯೂಟರಿನ ಮೇಜಿನ ಪಕ್ಕ, ತನ್ನ ತಗಡಿನ ಟ್ರಂಕಿನ ಮೇಲೆ ಕುಳಿತಿದ್ದ. ಅವನ ಅಂಗಿಯ ಕಾಲರನ್ನು ಒಬ್ಬ ಹೆಂಗಸು ಹಿಡಿದು ಎಳೆಯುತ್ತಿದ್ದಳು. ಮೂವತ್ತರ ಆಸುಪಾಸಿನವಳು, ಕಾಲಿಗೆ ಬಿಳಿ ಕ್ಯಾನ್ವಾಸ್ ಬೂಟು, ಕಂಕುಳಲ್ಲಿ ಥಳಥಳ ಹೊಳೆಯುವ ಹೊಸ ಟ್ರಂಕು. ಅವಳನ್ನು ನಾನು ಹುಟ್ಟಿದಾರಭ್ಯ ನೋಡಿರಲಿಲ್ಲ. ಅವಳು ಇವನನ್ನು ಕಳ್ಳ ಎನ್ನುತ್ತಿದ್ದಳು, ಇವನು ಅವಳನ್ನು ಕಳ್ಳಿ ಎನ್ನುತ್ತಿದ್ದ. ಇವರಿಬ್ಬರ ಜಗ್ಗಾಟದಲ್ಲಿ ಕಂಪ್ಯೂಟರ್ ಸತ್ತಂತಾಗಿತ್ತು. ಮೌಸಿನ ಬಾಣ ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹೋಗಿ ಮುಟ್ಟುವುದರೊಳಗೆ ಒಲೆಯ ಮೇಲಿನ ಹಾಲು ಉಕ್ಕಿ ಚೆಲ್ಲಿತ್ತು.

ನಾನು "ಹೋಗು" ಎಂದದ್ದೇ ತಡ, ಫಕೀರಪ್ಪ ಜಗಳ ಬಿಟ್ಟ. ಕಾಲರು ಸರಿಮಾಡಿಕೊಂಡು, ಎದ್ದು ನಿಂತು, ಎರಡೂ ಕೈ ಮುಂದೆ ಕಟ್ಟಿಕೊಂಡು ಕೇಳಿದ.

"ಖಂಡಿತ ಹೋಗಲೇನ್ರಿ ಯವ್ವಾ?"

ನಾನು ಗೋಡೆಯ ಕಡೆ ತಿರುಗಿದೆ.

ನಮ್ಮ ಊರಿನಲ್ಲಿ ಮನೆಯ ಕಂಪ್ಯೂಟರಿಗೆ ಆಂಟಿವೈರಸ್ ಹಾಕಿಸಿದರೆ ಕಾವಲಿನವರು ಟ್ರಂಕು ಹಿಡಿದುಕೊಂಡು ಬಂದು ಮನೆಯಲ್ಲೇ ಇರುತ್ತಾರೆ. ಅವರಿಗೊಂದು ತಾಟು, ಒಂದು ಚಾಪೆ ಎತ್ತಿಡಬೇಕು. ಕಂಪ್ಯೂಟರಿನಲ್ಲಿ ಅನುಮಾನದ ವಸ್ತು ಕಂಡರೆ ಹಿಡಿದು ಟ್ರಂಕಿಗೆ ಹಾಕಿ ಕೀಲಿ ಹಾಕುತ್ತಾರೆ. ಬೆಳಿಗ್ಗೆ ಎದ್ದು ಬಸ್ ಸ್ಟ್ಯಾಂಡ್ ಹಿಂದಿನ ಕಚೇರಿಗೆ ಹೋಗಿ, ಯಾವ ಹೊಸ ಕಳ್ಳರು ಹುಟ್ಟಿದ್ದಾರೆ, ಅವರ ಚಹರೆ ಹೇಗೆ ಎಂದು ತಿಳಿದುಕೊಂಡು ಬರುತ್ತಾರೆ. ವಾರಕ್ಕೊಮ್ಮೆ ಇಡೀ ಮನೆ ತಪಾಸಣೆ. ಆ ಹೊತ್ತಿನಲ್ಲಿ ಯಾರೂ ಓಡಾಡುವಂತಿಲ್ಲ, ಇದ್ದಲ್ಲೇ ಕೂರಬೇಕು. ನಮ್ಮ ಬೀದಿಯ ಹೆಂಗಸರು ಅವರೆಕಾಳು ಸುಲಿಯುವ ಕೆಲಸವನ್ನು ಆ ಹೊತ್ತಿಗೇ ಇಟ್ಟುಕೊಳ್ಳುತ್ತಾರೆ.

ಕಾವಲಿನವರನ್ನು ತೆಗೆಯುವುದಕ್ಕೂ ಕ್ರಮವಿದೆ. ಮನೆಯವರು ಹೋಗು ಅನ್ನಬೇಕು. ಅವರು ಖಂಡಿತ ಹೋಗಲೇನು ಎಂದು ಕೇಳುತ್ತಾರೆ. ಆಮೇಲೆ, ಟ್ರಂಕಿನಲ್ಲಿ ಇರುವುದನ್ನು ಕೊಟ್ಟು ಹೋಗಲೋ ಒಯ್ಯಲೋ ಎಂದು ಕೇಳುತ್ತಾರೆ. ಎಲ್ಲದಕ್ಕೂ ಉತ್ತರ ಹೇಳಿಯಾದ ಮೇಲೆ ಮನೆಯ ದೊಡ್ಡ ಸ್ವಿಚ್ಚು ಆರಿಸಿ ಎಲ್ಲರೂ ಬೀದಿಗೆ ಇಳಿದು, ಮತ್ತೆ ಒಳಗೆ ಬಂದು ಸ್ವಿಚ್ಚು ಹಾಕಬೇಕು. ಅಲ್ಲಿಗೆ ಮುಗಿಯಿತು. ಕೇಳಿಸಿಕೊಳ್ಳುವ ತಾಳ್ಮೆಯಿಲ್ಲದೆ ಹೌದು ಹೌದು ಎಂದುಬಿಟ್ಟರೆ ಟ್ರಂಕೂ ಅವರೊಂದಿಗೆ ಹೋಗುತ್ತದೆ, ಒಳಗಿನದೂ ಹೋಗುತ್ತದೆ. ಹೋದವರಿಗೆ ಬೀದಿಯ ತಿರುವು ದಾಟಿದ ಮೇಲೆ ಆ ಮನೆಯ ನೆನಪು ಇರುವುದಿಲ್ಲ.

ಇಷ್ಟು ಸುಲಭದ ಕೆಲಸ ನಮ್ಮ ಊರಿನ ಅರ್ಧ ಜನಕ್ಕೆ ಆಗುವುದಿಲ್ಲ. ಜೊತೆಗೆ ಕೂತು ಉಂಡವನಿಗೆ ಹೋಗು ಅನ್ನುವುದು ಹೇಗೆ ಎಂದು ಮುಖ ಸಣ್ಣ ಮಾಡುತ್ತಾರೆ. ಅದಕ್ಕೇ ನನ್ನನ್ನು ಕರೆಯುತ್ತಾರೆ. "ಬಾಳಕ್ಕಾ, ಒಂದ್ ಸ್ವಲ್ಪ ಬಂದು ಹೇಳಿ ಹೋಗವಾ." ನಾನು ಹೋಗುತ್ತೇನೆ. ಪೋಸ್ಟ್ ಮಾಸ್ತರರ ಮನೆಯ ಕಾವಲಿನವನು ಜನ ನಕ್ಕ ಫೋಟೋಗಳನ್ನೆಲ್ಲ ಟ್ರಂಕಿಗೆ ಹಾಕಿ, ಸಿಡುಕು ಮುಖದವನ್ನು ಮಾತ್ರ ಬಿಟ್ಟಿದ್ದ. ನಾನು ಬಾಗಿಲಲ್ಲೇ ನಿಂತು ಹೇಳಿದೆ: ಹೋಗು, ಖಂಡಿತ, ಕೊಟ್ಟು ಹೋಗು, ಸ್ವಿಚ್ ಆರಿಸ್ರಿ. ಕೂತು ಚಹಾ ಕುಡಿಯುವ ಮೊದಲು ಕೆಲಸ ಮುಗಿದಿತ್ತು. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಅಲ್ಲಿ ಕಲಿತದ್ದು ಎರಡೇ, ದುಂಡಗೆ ಬರೆಯುವುದು ಮತ್ತು ಗಟ್ಟಿಯಾಗಿ ಮಾತಾಡುವುದು. ಎರಡನೆಯದು ಹೆಚ್ಚು ಉಪಯೋಗಕ್ಕೆ ಬಂದಿದೆ.

ಆದರೆ ಇವತ್ತು ನನ್ನದೇ ಪಡಸಾಲೆಯಲ್ಲಿ, ನನ್ನದೇ ಮನೆಯ ಫಕೀರಪ್ಪ ಕೇಳುತ್ತಿದ್ದಾನೆ, ನಾನು ಗೋಡೆ ನೋಡುತ್ತಿದ್ದೇನೆ.

"ಚಿಗವ್ವಾ, ಏನೂ ಹೇಳಬ್ಯಾಡ. ಅದು ಟ್ರಂಕಿನ್ಯಾಗ ಐತಿ," ಎಂದು ಒಳಗಿನಿಂದ ಓಡಿ ಬಂದು ನನ್ನ ರಟ್ಟೆ ಹಿಡಿದವಳು ಸುವರ್ಣಾ.

ಸುವರ್ಣಾ ನನ್ನ ಅಕ್ಕ ನೀಲವ್ವನ ಮಗಳು. ಇವಳು ಇನ್ನೂ ತೊದಲುವಾಗ ಅಕ್ಕ ಆಸ್ಪತ್ರೆಗೆ ಸೇರಿದಳು, ತಿರುಗಿ ಮನೆಗೆ ಬರಲಿಲ್ಲ. ಇವಳನ್ನು ಬೆಳೆಸಿದವಳು ನಾನು. ಬರುವ ವಾರ ಇವಳ ಮದುವೆ. ನನ್ನ ಕೆಲಸ ಕಸೂತಿ. ಮೊದಲು ಕೈಯಿಂದ ಹಾಕುತ್ತಿದ್ದೆ, ಈಗ ಕಂಪ್ಯೂಟರಿಗೆ ಜೋಡಿಸಿದ ಯಂತ್ರದಿಂದ. ನೀಲವ್ವ ಆಸ್ಪತ್ರೆಯ ಮಂಚದ ಮೇಲೆ ಕುಳಿತು ಚೌಕುಳಿ ಹಾಳೆಯಲ್ಲಿ ಒಂದು ಗೋಪುರ ಬರೆದಿದ್ದಳು. ಗೋಪುರದ ತುದಿಗೆ ಒಂದು ಗಿಳಿ. ಆ ಹಾಳೆಗೆ ಗೆದ್ದಲು ಹತ್ತುವ ಮೊದಲು ನಾನು ಅದನ್ನು ಹೊಲಿಗೆ ಹೊಲಿಗೆಯಾಗಿ ಕಂಪ್ಯೂಟರಿಗೆ ಇಳಿಸಿದ್ದೆ. ಒಂದು ಮಳೆಗಾಲ ಪೂರ್ತಿ ಅದೇ ಕೆಲಸ. ಹಾಳೆ ಹೋಯಿತು, ಗೋಪುರ ಕಂಪ್ಯೂಟರಿನಲ್ಲಿ ಉಳಿಯಿತು. ಸುವರ್ಣಾಳ ಧಾರೆ ಸೀರೆಯ ಸೆರಗಿಗೆ ಅದನ್ನೇ ಹಾಕುವುದೆಂದು ಎಂದೋ ಮಾತಾಗಿತ್ತು. ತಾಯಿಯ ಕೈಯದೆಂದು ಇವಳಿಗೆ ಉಳಿದದ್ದು ಅದೊಂದೇ.

ಗೋಪುರ ಕಂಪ್ಯೂಟರಿನಲ್ಲಿ ಸುಮ್ಮನೆ ಮಲಗಿದ್ದಷ್ಟು ದಿನ ಫಕೀರಪ್ಪ ಅದನ್ನು ಮುಟ್ಟಿರಲಿಲ್ಲ. ಸೀರೆಯನ್ನು ಚೌಕಟ್ಟಿಗೆ ಬಿಗಿದು, ಯಂತ್ರಕ್ಕೆ ಕಳಿಸಲು ನಾನು ಗುಂಡಿ ಒತ್ತಿದ ಕೂಡಲೇ ಚಾಪೆಯಿಂದ ಎದ್ದು ಬಂದ. ಪರದೆಯೊಳಗೆ ಕೈ ಹಾಕಿದ, ಗೋಪುರವನ್ನು ಕರವಸ್ತ್ರದಂತೆ ಮಡಿಸಿದ, ಟ್ರಂಕಿಗೆ ಹಾಕಿ ಕೀಲಿ ತಿರುವಿದ. ಪೆನ್ ಡ್ರೈವಿನಲ್ಲಿ ಇನ್ನೊಂದು ಪ್ರತಿ ಇಟ್ಟಿದ್ದೆ. ಚುಚ್ಚಿ ಗುಂಡಿ ಒತ್ತಿದ ತಕ್ಷಣ ಅದನ್ನೂ ಮಡಿಸಿ ಇಟ್ಟ.

ಅವತ್ತಿನಿಂದ ನಾವು ಮಾಡದ ಉಪಾಯವಿಲ್ಲ. ಎದುರು ಮನೆಯ ರುದ್ರವ್ವ, ಸ್ವಿಚ್ಚು ಆರಿಸಿ ಅವನನ್ನು ಮಲಗಿಸಿ ಎಬ್ಬಿಸು, ಅರ್ಧ ರೋಗ ಅಲ್ಲೇ ಹೋಗುತ್ತದೆ ಎಂದಳು. ಮಲಗಿಸಿದೆವು, ಎಬ್ಬಿಸಿದೆವು. ಎದ್ದು ಮುಖ ತೊಳೆದು ಚಹಾ ಕುಡಿದು ಮತ್ತೆ ಹಿಡಿದ. ಆಮೇಲೆ ಅರಿಸಿನದ ದಾರ ಕಟ್ಟಿದೆವು. ಮನೆಯವರು ಇದು ನಮ್ಮದು, ಬಿಡು ಎಂದು ಹೇಳಿ ದಾರ ಕಟ್ಟಿದ ವಸ್ತುವನ್ನು ಕಾವಲಿನವರು ಮುಟ್ಟಬಾರದು. ಇದು ಎಲ್ಲ ಮನೆಗಳಲ್ಲಿ ನಡೆಯುವ ರೂಢಿ. ಫಕೀರಪ್ಪ ಗೋಪುರ ಹೊರಗೆ ಕೊಟ್ಟ, ದಾರ ನೋಡಿ ತಲೆ ಆಡಿಸಿದ. ಮರುದಿನ ಬೆಳಿಗ್ಗೆ ನಾನು ಯಂತ್ರಕ್ಕೆ ಎಣ್ಣೆ ಬಿಟ್ಟು ಗುಂಡಿ ಒತ್ತಿದ್ದೇ ತಡ, ದಾರವನ್ನೂ ಗೋಪುರವನ್ನೂ ಸೇರಿಸಿ ಟ್ರಂಕಿಗೆ ಹಾಕಿದ್ದ.

"ನಿನ್ನೆ ಹೇಳಿದ್ನೆಲ್ಲೋ!"

"ನಿನ್ನೀದು ನಿನ್ನಿಗೇ ಹೋತ್ರಿ ಯವ್ವಾ. ನನಗ ನೆನಪಿಲ್ಲ."

ಆಗ ನನ್ನ ಗಂಡ ಗುರುಪಾದಪ್ಪ ಅವನನ್ನು ಮೊಪೆಡ್ಡಿನ ಹಿಂದೆ ಕೂರಿಸಿಕೊಂಡು ಕಚೇರಿಗೆ ಹೋದರು. ನನ್ನ ಗಂಡ ಹಾರ್ಮೋನಿಯಂ ರಿಪೇರಿ ಮಾಡುವವರು, ಬಿರುಸು ಮಾತು ಕೇಳಿದರೆ ಕಿವಿ ಮುಚ್ಚಿಕೊಳ್ಳುವವರು. ಕಚೇರಿಯಲ್ಲಿ ತಿಳಿದ ಸಂಗತಿ ಇದು. ಫಕೀರಪ್ಪನಂಥ ಹಳೆಯ ಕಾವಲಿನವರಿಗೆ ಪಾಠ ನಿಲ್ಲಿಸಿ ಬಹಳ ಕಾಲವಾಗಿತ್ತು. ಅವನಿಗೆ ಹೊಸ ಕಳ್ಳರ ಚಹರೆ ಯಾರೂ ಹೇಳುತ್ತಿರಲಿಲ್ಲ. ಆದರೂ ಅವನು ದಿನಾ ಬೆಳಿಗ್ಗೆ ಟೊಪ್ಪಿಗೆ ಹಾಕಿಕೊಂಡು ಹೊರಡುತ್ತಿದ್ದ, ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಬೆಂಚಿನ ಮೇಲೆ ಒಂದಷ್ಟು ಹೊತ್ತು ಕುಳಿತು, ಕಚೇರಿಗೆ ಹೋಗಿ ಬಂದವನಂತೆ ಗಂಭೀರ ಮುಖ ಮಾಡಿಕೊಂಡು ವಾಪಸ್ ಬರುತ್ತಿದ್ದ. ಹೊಸಬರನ್ನು ತೆಗೆದುಕೊಳ್ಳಿ, ಆದರೆ ಮೊದಲು ಇವನನ್ನು ತೆಗೆದು ಆಮೇಲೆ ಕರೆದೊಯ್ಯಿರಿ, ಇಬ್ಬರು ಒಂದು ಮನೆಯಲ್ಲಿ ಇರುವಂತಿಲ್ಲ ಎಂದು ಕಚೇರಿಯವರು ಬಿಡಿಸಿ ಹೇಳಿದ್ದರಂತೆ.

ಈ ಕೊನೆಯ ಮಾತನ್ನು ನನ್ನ ಗಂಡ ನನಗೆ ಹೇಳಲಿಲ್ಲ. ಫಕೀರಪ್ಪನಿಗೂ ಹೇಳಲಿಲ್ಲ. ಸುಮ್ಮನೆ ಇವತ್ತು ಬೆಳಿಗ್ಗೆ ಹೊಸಬಳನ್ನು ಹಿತ್ತಲ ಬಾಗಿಲಿನಿಂದ ಒಳಗೆ ಬಿಟ್ಟುಕೊಂಡಿದ್ದರು.

"ರೀ, ಇವಳ್ಯಾರು?" ಎಂದು ಈಗ ನಾನು ಕೇಳಿದೆ.

ಅವರು ಬಾಗಿಲ ಮರೆಯಿಂದ ಹೊರಗೆ ಬಂದರು. "ಪ್ರಫುಲ್ಲಾ ಅಂತ. ಹೊಸಾಕಿ. ಇಬ್ಬರೂ ಇರ್ಲಿ ಅಂದ್ಕೊಂಡೆ. ಅಂವ ಒಂದ್ ಮೂಲ್ಯಾಗ, ಈಕಿ ಒಂದ್ ಮೂಲ್ಯಾಗ. ಅಂವಗ ಹೋಗು ಅನ್ನಾಕ ನನಗ ಬಾಯಿ ಬರ್ಲಿಲ್ಲ."

"ನನಗರೆ ಹೇಳಬೇಕಿಲ್ಲೇನು? ಊರ ಮಂದೀಗೆಲ್ಲ ಹೇಳಿ ಬರಾಕಿ ನಾನು."

"ಅದಕ್ಕ ಹೇಳಲಿಲ್ಲ. ನೀ ಹೇಳೇ ಬಿಡ್ತಿದ್ದಿ."

ಪ್ರಫುಲ್ಲಾ ಬೂಟಿನ ಕಾಲು ನೆಲಕ್ಕೆ ಬಡಿದಳು. "ಮೇಡಂ, ಈ ಮನುಷ್ಯ ಎಲ್ಲ ಕಡೆ ಕೈ ಹಾಕ್ತಾನೆ, ಎಲ್ಲ ತೆರೆದು ನೋಡ್ತಾನೆ, ಟ್ರಂಕಲ್ಲಿ ಮುಚ್ಚಿಡ್ತಾನೆ. ಕಳ್ಳರು ಮಾಡೋದೂ ಇದನ್ನೇ."

"ಈಕೀನೂ ಅದನ್ನ ಮಾಡ್ತಾಳ್ರಿ," ಎಂದ ಫಕೀರಪ್ಪ. "ನನ್ನ ಚಪ್ಪಲಿ ಕಸಗೊಂಡು ತನ್ನ ಟ್ರಂಕಿಗೆ ಹಾಕ್ಯಾಳ."

"ನೀ ನನ್ನ ಊಟದ ಡಬ್ಬಿ ಹಾಕ್ಕೊಂಡಿಲ್ವಾ?"

"ಅದರಾಗ ಏನೋ ಅಲುಗಾಡ್ತಿತ್ತು."

"ಸಾರು!"

ಸುವರ್ಣಾ ನಕ್ಕುಬಿಟ್ಟಳು. ನನಗೂ ನಗು ಬಂತು, ತೋರಿಸಲಿಲ್ಲ. ಸಿಟ್ಟು ಸ್ವಲ್ಪ ಇಳಿದದ್ದಕ್ಕೋ ಏನೋ, ಇಷ್ಟು ದಿನ ಕೇಳಬೇಕೆಂದು ಹೊಳೆಯದೇ ಇದ್ದ ಪ್ರಶ್ನೆ ಆಗ ಹೊಳೆಯಿತು. ಇವನು ಹಳಬ, ಮರೆಗುಳಿ, ಪಾಠ ನಿಂತವನು, ಎಲ್ಲ ನಿಜ. ಆದರೆ ಇದೇ ಕಂಪ್ಯೂಟರಿನಿಂದ ದಿನಾ ಎಷ್ಟೋ ನವಿಲು, ಆನೆ, ಕಮಲ ಯಂತ್ರಕ್ಕೆ ಹೋಗುತ್ತವೆ. ಅವುಗಳಿಗೆ ಇವನು ಕತ್ತು ಕೂಡ ಎತ್ತುವುದಿಲ್ಲ. ಈ ಗೋಪುರವನ್ನೇ ಯಾಕೆ ಹಿಡಿಯುತ್ತಾನೆ? ಪ್ರತಿ ಸಲ ಮರೆತು, ಪ್ರತಿ ಸಲ ಹೊಸದಾಗಿ ನೋಡಿ, ಪ್ರತಿ ಸಲ ಅದನ್ನೇ?

ನಾನು ಅವನ ಎದುರು ನೆಲದ ಮೇಲೆ ಕುಳಿತೆ. "ಫಕೀರಪ್ಪಣ್ಣ, ಅದರಾಗ ಏನ್ ಕಂಡಿ ನೀ? ಖರೇ ಹೇಳು."

"ಕೇಳೂದು ತಡಾ ಆತ್ರಿ ಯವ್ವಾ," ಎಂದು ಅವನೂ ಟ್ರಂಕು ಪಕ್ಕಕ್ಕಿಟ್ಟು ಕುಳಿತ. ಕೀಲಿ ತೆಗೆದು ಗೋಪುರವನ್ನು ಹೊರಗೆ ತೆಗೆದು ತನ್ನ ತೊಡೆಯ ಮೇಲೆ ಬಿಡಿಸಿದ. ಬೆರಳಿನಿಂದ ದಾರದ ದಾರಿಯನ್ನು ತೋರಿಸುತ್ತಾ ಹೋದ. "ನಿಮ್ಮ ನವಿಲು ಆನಿ ಎಲ್ಲಾ ಮನೀ ಮಂದಿ ಇದ್ದಂಗ. ದಾರ ಹೊರಗ ಹೋಗ್ತೈತಿ, ತಿರುಗ್ತೈತಿ, ಹೊಂಟ ಜಾಗಕ್ಕ ಬಂದು ಕುಂದರ್ತೈತಿ. ಇದು ಹಂಗಲ್ಲ. ಇಲ್ಲಿ ಬುಡದಾಗ ಹೊಂಡ್ತೈತಿ, ಮ್ಯಾಲ ಏರ್ತೈತಿ, ಗಿಳೀ ತನಕ ಹೋಗ್ತೈತಿ. ಹೋದದ್ದು ಹೋತು. ತಿರುಗಿ ಬರೂದಿಲ್ಲ. ಮನ್ಯಾಗಿಂದ ಹೊರಗ ಹೋಗಿ ತಿರುಗಿ ಬರದೇ ಇರೂದನ್ನ ಹಿಡಿ ಅಂತ ನನಗ ಮೊದಲ್ನೇ ಪಾಠ. ಉಳಿದದ್ದು ಮರ್ತೀನಿ. ಅದನ್ನ ಮರ್ತಿಲ್ಲ."

ನಾನು ಬಗ್ಗಿ ನೋಡಿದೆ. ಕೈಕಸೂತಿ ಹಾಕಿದವರಿಗೆ ಇದು ಅಕ್ಷರಾಭ್ಯಾಸದ ಪಾಠ. ದಾರಕ್ಕೆ ಗಂಟು ಹಾಕುವಂತಿಲ್ಲ. ಹೋಗುವಾಗ ಚೌಕುಳಿಯ ಒಂದು ಮನೆ ಬಿಟ್ಟು ಒಂದು ಮನೆ ಹೊಲಿಯುತ್ತಾ ಹೋಗಬೇಕು, ಬಿಟ್ಟ ಮನೆಗಳನ್ನು ಬರುವಾಗ ತುಂಬುತ್ತಾ ಬರಬೇಕು. ಆಗಲೇ ಗೆರೆ ಪೂರ್ತಿಯಾಗುವುದು, ಆಗಲೇ ಬಟ್ಟೆಯ ಮುಂದೂ ಹಿಂದೂ ಒಂದೇ ತರಹ ಕಾಣುವುದು. ನೀಲವ್ವನ ಗೋಪುರದ ಬುಡ ತುಂಬು ಗೆರೆಯದು. ಮೇಲೆ ಹೋದ ಹಾಗೆ ಗೆರೆ ಬಿಟ್ಟು ಬಿಟ್ಟು ಆಗುತ್ತದೆ, ಗಿಳಿಯಂತೂ ಬರೀ ಚುಕ್ಕೆ ಚುಕ್ಕೆ. ಅದು ಅಕ್ಕನ ಹೊಸ ನಮೂನೆ, ಗಿಳಿ ಹಾರಿದ ಹಾಗೆ ಕಾಣಲಿ ಎಂದು ಹಗುರ ಮಾಡಿದ್ದಾಳೆ ಎಂದು ನಾನು ಇಷ್ಟು ವರ್ಷ ತಿಳಿದಿದ್ದೆ. ಬಂದವರಿಗೆಲ್ಲ ಹಾಗೆಂದೇ ಹೇಳಿ ಹೊಗಳಿದ್ದೆ.

ಅದು ನಮೂನೆಯಲ್ಲ. ಅವಳು ಹೋಗುವ ದಾರಿಯನ್ನಷ್ಟೇ ಬರೆದಿದ್ದಳು. ಬರುವ ದಾರಿ ಬರೆಯುವುದರೊಳಗೆ ಕೈ ನಿಂತಿತ್ತು.

"ಕೊಡಿ ಇಲ್ಲಿ," ಎಂದು ಪ್ರಫುಲ್ಲಾ ಅದರ ಮೇಲೆ ಒಮ್ಮೆ ಕಣ್ಣಾಡಿಸಿದಳು. "ಇದರಲ್ಲಿ ಯಾವ ಕಳ್ಳನೂ ಇಲ್ಲ ಮೇಡಂ. ಚೊಕ್ಕ ಇದೆ. ನಾನಾದರೆ ಬಿಡ್ತೀನಿ."

"ಇದು ಅರ್ಧಕ್ಕ ನಿಂತೈತಿ, ಕಾಣ್ತಿಲ್ಲೇನು ನಿನಗ?" ಎಂದೆ.

"ಅರ್ಧಕ್ಕೆ ನಿಂತಿದ್ದನ್ನು ನಾವು ನೋಡಲ್ಲ. ಕೇಡು ಮಾಡೋದನ್ನ ನೋಡ್ತೀವಿ."

ಅವಳ ಮಾತು ಸರಿಯಾಗಿಯೇ ಇತ್ತು. ಆದರೂ ನನಗೆ ಫಕೀರಪ್ಪನ ಬೆರಳಿನ ಮೇಲೆ ಕಣ್ಣು. ಅದು ಇನ್ನೂ ಗಿಳಿಯ ಹತ್ತಿರವೇ ಇತ್ತು, ದಾರದ ತುದಿ ಹಾರಿಹೋದೀತೆಂದು ಒತ್ತಿ ಹಿಡಿದ ಹಾಗೆ.

"ಒಂದ್ ಕೆಲಸ ಮಾಡ್ರಿ ಯವ್ವಾ," ಎಂದ. "ಗಿಳೀಯಿಂದ ಕೆಳಗ ಬರೂ ದಾರಿ ನೀವ ತುಂಬ್ರಿ. ದಾರ ಮನೀಗೆ ಬರ್ಲಿ. ನಾ ಬಿಟ್ಟುಬಿಡ್ತೀನಿ. ಮತ್ತ ಹಿಡಿಯೂದಿಲ್ಲ. ನಾಳೆ ಮರ್ತರೂ ಹಿಡಿಯೂದಿಲ್ಲ, ಯಾಕಂದ್ರ ಹಿಡಿಯಾಕ ಏನೂ ಇರೂದಿಲ್ಲ."

ನನ್ನ ಗಂಡನ ಮುಖ ಅರಳಿತು. "ಹಂಗಾದ್ರ ಅಂವ ಹೋಗೂದ ಬ್ಯಾಡ. ಪ್ರಫುಲ್ಲಾನ್ನ ಇವತ್ತ ವಾಪಸ್ ಬಿಟ್ಟು ಬರ್ತೀನಿ. ಏನಂತಿ?"

ನನಗೂ ಅದು ಹಿಡಿಸಿತು. ಎಲ್ಲ ಅಲ್ಲಲ್ಲೇ ಇರುತ್ತದೆ, ಯಾರಿಗೂ ಏನೂ ಹೇಳುವುದು ಬೇಡ. ಬಿಟ್ಟ ಮನೆ ತುಂಬುವುದು ನನಗೆ ಒಂದು ಗಂಟೆಯ ಕೆಲಸವೂ ಅಲ್ಲ. ಕುರ್ಚಿ ಎಳೆದುಕೊಂಡು ಕಂಪ್ಯೂಟರಿನ ಮುಂದೆ ಕುಳಿತೆ.

"ಚಿಗವ್ವಾ," ಎಂದಳು ಸುವರ್ಣಾ. "ಮುಟ್ಟಬ್ಯಾಡ."

"ಯಾಕ?"

"ಅವ್ವ ಹೋದ ದಾರಿ ಅದು. ಬರೂ ದಾರಿ ನೀ ಬರದ್ರ ಅದು ನಿಂದು ಆಗ್ತೈತಿ. ನಿನ್ನ ಕೈದು ನನ್ನ ಪೆಟಾರಿ ತುಂಬ ಅದಾವ. ತೊಡೋ ಲಂಗದಾಗಿಂದ ಹಿಡಿದು ದಿಂಬಿನ ಚೀಲದ ತನಕ. ನನಗ ಅವ್ವನ ಕೈದು ಬೇಕು. ಎಷ್ಟ ಐತಿ ಅಷ್ಟ."

"ಮಂದಿ ಏನಂದಾರು? ಧಾರೀ ಸೀರಿ ಮ್ಯಾಲ ಅರ್ಧ ಗಿಳಿ?"

"ಹಾರಿದಂಗ ಕಾಣಲಿ ಅಂತ ಹಂಗ ಮಾಡ್ಯಾಳ ಅನ್ನು. ಇಷ್ಟು ದಿನ ನೀನ ಹೇಳೀದಿ ಅಲ್ಲ?"

ಹುಡುಗಿ ನನ್ನ ಹತ್ತಿರವೇ ಮಾತು ಕಲಿತವಳು. ಕೈ ಮೌಸಿನಿಂದ ಎತ್ತಿ ಸೆರಗಿಗೆ ಒರೆಸಿಕೊಂಡೆ.

ಫಕೀರಪ್ಪ ಎಲ್ಲ ಕೇಳಿಸಿಕೊಂಡ. ಗೋಪುರವನ್ನು ಮೊದಲಿನ ಮಡಿಕೆಗಳ ಮೇಲೆಯೇ ಮಡಿಸಿ ಟ್ರಂಕಿಗೆ ಹಾಕಿದ, ಕೀಲಿ ತಿರುವಿದ. ನನಗೆ ಮೈಯೆಲ್ಲ ಉರಿಯಿತು.

"ಮತ್ತ ಹಾಕಿದೆಲ್ಲೋ ಮಾರಾಯಾ!"

"ಬ್ಯಾರೇ ಏನ್ ಮಾಡ್ಲಿರಿ? ಹೊರಗ ಹೋಗಿ ಬರದೇ ಇರೂದು. ನಾ ಇರೂ ತನಕ ಬಿಡಾಕ ಬರೂದಿಲ್ಲ." ಅವನು ಎದ್ದು ನಿಂತ, ಮೊದಲಿನಂತೆ ಕೈ ಕಟ್ಟಿಕೊಂಡ. "ಕೇಳಿದ್ದಕ್ಕ ಉತ್ತರ ಬರ್ಲಿಲ್ಲ. ಖಂಡಿತ ಹೋಗಲೇನ್ರಿ?"

ಪ್ರಫುಲ್ಲಾ ಈಗ ಕಾಲರಿನ ತಂಟೆಗೆ ಹೋಗದೆ ದೂರ ನಿಂತಳು. ನಾನು ಎಷ್ಟು ಮನೆಗಳ ಬಾಗಿಲಲ್ಲಿ ನಿಂತು ಎಷ್ಟು ಮಂದಿಗೆ ಈ ಮಾತು ಹೇಳಿದ್ದೇನೆ. ಒಬ್ಬನ ಮುಖವೂ ನೆನಪಿಲ್ಲ. ಇವನ ಮುಖ ನೋಡಿದೆ. ಕಿವಿಯ ಮೇಲೆ ಟೊಪ್ಪಿಗೆ ಉಜ್ಜಿ ಉಜ್ಜಿ ಕೂದಲು ಉದುರಿದ ಜಾಗ ಕಂಡಿತು. ದಿನಾ ಬೆಳಿಗ್ಗೆ ಚಹಾದಂಗಡಿಯ ಬೆಂಚಿನ ಮೇಲೆ ಇವನು ಏನು ಯೋಚಿಸುತ್ತಾ ಕೂರುತ್ತಿದ್ದನೋ, ಅದನ್ನು ಕೇಳಬೇಕೆನಿಸಿತು. ಕೇಳಲಿಲ್ಲ.

"ಉಂಡು ಹೋಗು," ಎಂದೆ.

"ಹಂಗ ಉತ್ತರ ಇಲ್ರಿ. ಹೌದು, ಇಲ್ಲ, ಅಷ್ಟ."

"ಹೌದು."

ನನ್ನ ದನಿ ನನಗೇ ಕೇಳಿಸಲಿಲ್ಲ. ಅವನಿಗೆ ಕೇಳಿಸಿತು.

"ಟ್ರಂಕಿನ್ಯಾಗಿಂದು ಕೊಟ್ಟು ಹೋಗಲೋ, ಒಯ್ಯಲೋ?"

"ಕೊಟ್ಟು ಹೋಗು," ಎಂದು ನಾನೂ ನನ್ನ ಗಂಡನೂ ಸುವರ್ಣಾಳೂ ಒಟ್ಟಿಗೇ ಹೇಳಿದೆವು.

ಅವನು ಒಂದೊಂದೇ ಹೊರಗೆ ತೆಗೆದ. ಪ್ರಫುಲ್ಲಾಳ ಊಟದ ಡಬ್ಬಿ. ನನ್ನ ಗಂಡನಿಗೆ ಪರದೇಶದಿಂದ ಕಾರು ಬಹುಮಾನ ಬಂದಿದೆ ಎಂದು ಎಂದೋ ಬಂದಿದ್ದ ಸಂದೇಶ. ಅದು ಎಲ್ಲಿ ಹೋಯಿತೆಂದು ಅವರು ಗುಟ್ಟಾಗಿ ಬಹಳ ದಿನ ಹುಡುಕಿದ್ದರಂತೆ, ಈಗ ಕಿವಿಯವರೆಗೆ ಕೆಂಪಾದರು. ಅದರ ಕೆಳಗೆ ನಿಜವಾದ ಕಳ್ಳರು ಕೆಲವರು, ಒಣಗಿದ ಜಿರಲೆಯಂತೆ ಸುರುಟಿಕೊಂಡವರು. ಅವರನ್ನು ಪ್ರಫುಲ್ಲಾ ಮಾತಿಲ್ಲದೆ ತನ್ನ ಟ್ರಂಕಿಗೆ ಎತ್ತಿಕೊಂಡಳು, ಅವನ ಚಪ್ಪಲಿಯನ್ನು ತೆಗೆದು ಅವನ ಕಾಲ ಬಳಿ ಜೋಡಿಸಿ ಇಟ್ಟಳು. ಎಲ್ಲಕ್ಕಿಂತ ಕೊನೆಗೆ ಗೋಪುರ. ಅದನ್ನು ಅವನು ನನಗೆ ಕೊಡಲಿಲ್ಲ, ಕಂಪ್ಯೂಟರಿಗೂ ಹಾಕಲಿಲ್ಲ. ಸುವರ್ಣಾಳ ಅಂಗೈಯ ಮೇಲೆ ಇಟ್ಟು ಬೆರಳು ಮಡಿಸಿದ.

"ದಾರದ ತುದಿ ಕತ್ತರಿಸಬ್ಯಾಡವಾ. ಜೋತು ಬಿದ್ದಿರ್ಲಿ," ಎಂದ.

"ಹೂಂ ಫಕೀರಜ್ಜ."

ನನ್ನ ಗಂಡ ಸ್ವಿಚ್ಚು ಆರಿಸಿದರು. ಕಂಪ್ಯೂಟರಿನ ಫ್ಯಾನು, ಯಂತ್ರದ ದೀಪ, ಅಡುಗೆಮನೆಯ ಫ್ರಿಜ್ಜು ಎಲ್ಲ ಒಮ್ಮೆಲೇ ನಿಂತು, ಮನೆ ಇಷ್ಟು ದಿನ ಸದ್ದು ಮಾಡುತ್ತಿತ್ತು ಎಂದು ಆಗ ಗೊತ್ತಾಯಿತು. ನಾವೆಲ್ಲರೂ ಬೀದಿಗೆ ಇಳಿದೆವು. ಬಿಸಿಲು ಚುರುಗುಟ್ಟುತ್ತಿತ್ತು. ರುದ್ರವ್ವ ತನ್ನ ಕಟ್ಟೆಯಿಂದ, "ಯಾರ್ನ ತೆಗದ್ರಿ ಬಾಳಕ್ಕಾ?" ಎಂದು ಕೂಗಿದಳು. ಫಕೀರಪ್ಪ ನಮ್ಮ ನಡುವೆಯೇ ನಿಂತಿದ್ದ, ಖಾಲಿ ಟ್ರಂಕು ತಲೆಯ ಮೇಲೆ, ಮದುವೆ ಮನೆಯ ಫೋಟೋಕ್ಕೆ ನಿಂತವನ ಹಾಗೆ.

"ಒಳಗೆ ನಡೀರಿ," ಎಂದಳು ಪ್ರಫುಲ್ಲಾ.

ಅವಳು ಮೊದಲು ಹತ್ತಿದಳು. ಅವಳ ಹಿಂದೆ ಸುವರ್ಣಾ, ಮುಷ್ಟಿ ಎದೆಗೆ ಒತ್ತಿಕೊಂಡು. ಆಮೇಲೆ ನನ್ನ ಗಂಡ. ನಾನು ಹೊಸ್ತಿಲ ಒಳಗೆ ಒಂದು ಕಾಲು ಇಟ್ಟು, ಮಾಡಬಾರದ ಕೆಲಸ ಮಾಡಿದೆ. ಹಿಂದೆ ನೋಡಿದೆ. ಅವನಾಗಲೇ ನಡೆಯುತ್ತಿದ್ದ. ಖಾಲಿ ಟ್ರಂಕಿನ ಚಿಲಕ ಹೆಜ್ಜೆ ಹೆಜ್ಜೆಗೂ ಟಕ್ ಟಕ್ ಎನ್ನುತ್ತಿತ್ತು. ತಿರುವಿನ ಹತ್ತಿರ, ರುದ್ರವ್ವನ ಮನೆಯ ಆಚೆ, ನಿಂತ. ಟ್ರಂಕು ಇಳಿಸಿ ಟೊಪ್ಪಿಗೆ ಸರಿಮಾಡಿಕೊಂಡ. ದಿನಾ ಬೆಳಿಗ್ಗೆ ಕಚೇರಿಗೆ ಹೊರಡುವಾಗ ಸರಿಮಾಡಿಕೊಳ್ಳುತ್ತಿದ್ದ ಹಾಗೆಯೇ. ಮತ್ತೆ ಟ್ರಂಕು ಎತ್ತಿಕೊಂಡು ತಿರುವು ದಾಟಿದ.

"ಮೇಡಂ, ಬಾಗಿಲು ಹಾಕಿ. ಸ್ವಿಚ್ ಹಾಕಬೇಕು," ಎಂದಳು ಪ್ರಫುಲ್ಲಾ.

"ತಡೀ," ಎಂದೆ ನಾನು.

ಚಿಲಕದ ಸದ್ದು ಪೂರ್ತಿ ಕೇಳಿಸದಾಗುವವರೆಗೂ ಬಾಗಿಲು ಹಿಡಿದುಕೊಂಡು ನಿಂತೆ.